ಸಾಗರದಾಚೆಯ ಮೂಲ ಊರು: ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಮನೆತನದ ಜಾಡು ಹಿಡಿಯುವುದು ಹೇಗೆ?

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರಿಗೆ ತಮ್ಮ ಮನೆತನ ಇಂಗ್ಲೆಂಡಿನ ಯಾವ ಊರಿನದು ಎಂಬುದು ಗೊತ್ತಿರಲಿಲ್ಲ. 1791ರ ಕೊನೆಯಲ್ಲಿ ಲಂಡನ್ನಿನಿಂದ ಸರ್ ಐಸಾಕ್ ಹರ್ಡ್ ಎಂಬ ಅಧಿಕಾರಿ ಈ ಬಗ್ಗೆ ಪತ್ರ ಬರೆದು ಕೇಳಿದರು. 1792ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಉತ್ತರಿಸಿದರು: ಈ ವಿಷಯಕ್ಕೆ ತಾವು ಗಮನ ಕೊಟ್ಟದ್ದು ತೀರಾ ಕಡಿಮೆ, ಮೊದಲು ವಲಸೆ ಬಂದ ಹಿರಿಯರು ಇಂಗ್ಲೆಂಡಿನ ಉತ್ತರ ಸೀಮೆಯವರು ಎಂದು ಮನೆಯ ದೊಡ್ಡವರು ಹೇಳುತ್ತಿದ್ದದ್ದು ನೆನಪಿದೆ, ಅದು ಲ್ಯಾಂಕಶೈರೋ, ಯಾರ್ಕ್‌ಶೈರೋ, ಇನ್ನೂ ಮೇಲಿನದೋ ಸರಿಯಾಗಿ ನೆನಪಿಲ್ಲ. ಇದಕ್ಕೆ ಸರಿಯಾದ ಉತ್ತರ ಸಿಗಲು ಮುಂದೆ ಸುಮಾರು ನೂರು ವರ್ಷ ಹಿಡಿಯಿತು.

2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ‘ನಮ್ಮ ಪೂರ್ವಜರು (1620ರಲ್ಲಿ ನ್ಯೂ ಇಂಗ್ಲೆಂಡಿಗೆ ವಲಸಿಗರನ್ನು ತಂದ) ಮೇಫ್ಲವರ್ ಹಡಗಿನಲ್ಲಿ ಬಂದವರು’, ‘ನಮ್ಮದು ವರ್ಜೀನಿಯಾದ ಹಳೇ ಮನೆತನ’ ಎಂಬ ಮಾತುಗಳು ಇಂಥ ಹೊತ್ತಿನಲ್ಲಿ ಹೆಚ್ಚಾಗಿ ಕೇಳಿಬರುತ್ತವೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ ನೆರೆಮನೆಯವರ ಬಾಯಿಂದ, ಮಕ್ಕಳ ಶಾಲೆಯ ಪಾಠದಿಂದ ಇವು ಕಿವಿಗೆ ಬೀಳುತ್ತವೆ. ನಾನೂರು ವರ್ಷ ಹಿಂದೆ ಸಮುದ್ರ ದಾಟಿದ ಒಬ್ಬ ಸಾಮಾನ್ಯ ಮನುಷ್ಯನ ಊರು, ತಂದೆತಾಯಿ ಯಾರೆಂದು ಇಂದು ಹೇಳುವುದು ಹೇಗೆ ಸಾಧ್ಯ? ಹಾಗೆ ಹೇಳಿದ್ದನ್ನು ಎಷ್ಟು ನಂಬಬಹುದು?

ಯಾವ ಕಾಲ, ಯಾವ ಜನ

ವಸಾಹತು ಕಾಲದ ಅಮೆರಿಕ ಎಂದರೆ 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರು ನೆಲೆಯೂರಿದಂದಿನಿಂದ 1776ರವರೆಗಿನ ಕಾಲ. ಅಟ್ಲಾಂಟಿಕ್ ಕರಾವಳಿಗುಂಟ ಹಬ್ಬಿದ 13 ವಸಾಹತುಗಳು ಬ್ರಿಟಿಷ್ ದೊರೆತನಕ್ಕೆ ಸೇರಿದ್ದವು. ಅಲ್ಲಿಗೆ ಹೋದವರೆಲ್ಲ ಒಂದೇ ಬಗೆಯ ಜನರಲ್ಲ, ಹೋದ ಬಗೆಯೂ ಒಂದೇ ಅಲ್ಲ. ಹುಡುಕುವವರಿಗೆ ಇದು ಬಹಳ ಮುಖ್ಯ. ಏಕೆಂದರೆ ಹೋದ ಬಗೆ ಬೇರೆಯಾದರೆ ಉಳಿದ ಕಾಗದವೂ ಬೇರೆ.

ಉತ್ತರದ ನ್ಯೂ ಇಂಗ್ಲೆಂಡಿಗೆ 1620ರಿಂದ 1640ರ ನಡುವೆ ಸುಮಾರು 20 ಸಾವಿರ ಜನ ಹೋದರು. ಇವರಲ್ಲಿ ಬಹುಪಾಲು ಪ್ಯೂರಿಟನ್ನರು. ಇಂಗ್ಲೆಂಡಿನ ಚರ್ಚು ಸಾಕಷ್ಟು ಶುದ್ಧವಾಗಿಲ್ಲ ಎಂದು ನಂಬಿದ್ದ ಇವರು ಹೆಂಡತಿ ಮಕ್ಕಳೊಂದಿಗೆ, ಎಷ್ಟೋ ಸಲ ತಮ್ಮ ಪಾದ್ರಿಯೊಂದಿಗೇ ಊರು ಬಿಟ್ಟವರು. ಹೋದಲ್ಲೆಲ್ಲ ಜನನ, ಮದುವೆ, ಜಮೀನಿನ ಲೆಕ್ಕವನ್ನು ಊರಿನ ಪುಸ್ತಕದಲ್ಲಿ ಬರೆದಿಟ್ಟರು.

ದಕ್ಷಿಣದ ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಹೋದವರಲ್ಲಿ ಹೆಚ್ಚಿನವರು ಹರೆಯದ ಒಂಟಿ ಗಂಡಸರು. ಹಡಗಿನ ಖರ್ಚು ಕೊಡಲು ಕೈಯಲ್ಲಿ ಕಾಸಿಲ್ಲದೆ, ನಾಲ್ಕರಿಂದ ಏಳು ವರ್ಷ ಹೊಗೆಸೊಪ್ಪಿನ ತೋಟದಲ್ಲಿ ದುಡಿದು ತೀರಿಸುತ್ತೇವೆ ಎಂದು ಕರಾರು ಬರೆದುಕೊಟ್ಟು ಹೋದವರು. 1718ರಲ್ಲಿ ಹೊಸ ಕಾನೂನು ಬಂದ ಮೇಲೆ ಇಂಗ್ಲೆಂಡಿನ ನ್ಯಾಯಾಲಯಗಳು ಕಳ್ಳತನದಂಥ ಅಪರಾಧಕ್ಕೂ ಕೈದಿಗಳನ್ನು ಅಮೆರಿಕಕ್ಕೆ ಸಾಗಿಸತೊಡಗಿದವು. ಹೀಗೆ ಹೋದವರು ಸುಮಾರು 50 ಸಾವಿರ ಜನ. ಕೈದಿಗಳ ಹೆಸರು ನ್ಯಾಯಾಲಯದ ಕಡತದಲ್ಲಿ ಸಿಗುತ್ತದೆ. ಕರಾರಿನ ಆಳುಗಳ ಹೆಸರು ಸಿಗುವ ಜಾಗಗಳು ಕಡಿಮೆ. ಬ್ರಿಸ್ಟಲ್ ಬಂದರಿನಲ್ಲಿ 1654ರಿಂದ 1686ರವರೆಗೆ ಬರೆದಿಟ್ಟ ಪಟ್ಟಿ ಅಂಥದ್ದೊಂದು. ಅದರಲ್ಲಿ 10 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಪಾದ್ರಿಯ ಪುಸ್ತಕ

ನಮ್ಮಲ್ಲಿ ಹೆಳವರು ಎತ್ತಿನೊಂದಿಗೆ ಮನೆ ಬಾಗಿಲಿಗೆ ಬಂದು ಮನೆತನದ ಏಳೆಂಟು ತಲೆಮಾರಿನ ಹೆಸರು ಹೇಳುತ್ತಾರಲ್ಲ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಆ ಕೆಲಸ ಚರ್ಚಿನ ಒಂದು ದಪ್ಪ ಪುಸ್ತಕದ್ದು. ವ್ಯತ್ಯಾಸವೆಂದರೆ, ಹೆಳವರು ಒಂದು ಮನೆತನವನ್ನು ಅದು ಹೋದ ಊರಿಗೆಲ್ಲ ಹಿಂಬಾಲಿಸುತ್ತಾರೆ. ಪಾದ್ರಿಯ ಪುಸ್ತಕ ತನ್ನ ಊರಿನ ಗಡಿ ದಾಟುವುದಿಲ್ಲ. ಊರು ಬಿಟ್ಟವನು ಪುಸ್ತಕದಿಂದಲೂ ಮರೆಯಾಗುತ್ತಾನೆ.

ಈ ಪುಸ್ತಕಕ್ಕೆ ಪ್ಯಾರಿಷ್ ರಿಜಿಸ್ಟರ್ ಎಂದು ಹೆಸರು. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರು. 1538ರಲ್ಲಿ ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ (ಮಗುವನ್ನು ನೀರಿನಿಂದ ಚರ್ಚಿಗೆ ಸೇರಿಸಿಕೊಳ್ಳುವ ವಿಧಿ), ಮದುವೆ, ಮಣ್ಣುಮಾಡಿದ್ದು ಈ ಮೂರನ್ನೂ ಬರೆದಿಡಬೇಕಾಯಿತು. ಮೊದಮೊದಲು ಬಿಡಿ ಕಾಗದದಲ್ಲಿ ಬರೆದದ್ದನ್ನು ಆ ಶತಮಾನದ ಕೊನೆಗೆ ಚರ್ಮದ ಹಾಳೆಗೆ ನಕಲು ಮಾಡಬೇಕೆಂದು ಇನ್ನೊಂದು ಆಜ್ಞೆ ಬಂತು. ಆಗ ಎಷ್ಟೋ ಊರಿನವರು ಮೊದಲನೇ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ ಈಚಿನದನ್ನಷ್ಟೇ ನಕಲು ಮಾಡಿದರು. ಹಾಗಾಗಿ ಬಹಳ ರಿಜಿಸ್ಟರುಗಳು ಅಲ್ಲಿಂದ ಶುರುವಾಗುತ್ತವೆ. ದೊರೆಯ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ ನಡೆದ 1640ರ ದಶಕದ ಅಂತರ್ಯುದ್ಧದಲ್ಲಿ ಪಾದ್ರಿಗಳೇ ಓಡಿಹೋದ ಕಡೆ ಪುಟಗಳು ಖಾಲಿ ಬಿದ್ದಿವೆ.

ಇದರಲ್ಲಿ ಸಿಗುವುದು ಹುಟ್ಟಿದ ದಿನವಲ್ಲ, ದೀಕ್ಷಾಸ್ನಾನದ ದಿನ. ‘ಜಾನ್, ಥಾಮಸನ ಮಗ’ ಎಂದಷ್ಟೇ ಬರೆದು ತಾಯಿಯ ಹೆಸರನ್ನು ಬಿಟ್ಟಿರುವುದುಂಟು. ಎಳೆಗೂಸಾಗಿ ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ವಾಡಿಕೆ ಬೇರೆ. ದೀಕ್ಷಾಸ್ನಾನದ ಪುಟದಲ್ಲಿ ಬೇಕಾದ ಹೆಸರು ಕಂಡ ಕೂಡಲೇ ಮಣ್ಣುಮಾಡಿದ ಪುಟವನ್ನೂ ನೋಡಬೇಕು. ಇಲ್ಲದಿದ್ದರೆ ಎರಡು ವರ್ಷಕ್ಕೇ ತೀರಿಕೊಂಡ ಕೂಸನ್ನು ಹತ್ತು ಮಕ್ಕಳ ತಂದೆ ಮಾಡಿಬಿಡುವ ಅಪಾಯವಿದೆ.

ಅಮೆರಿಕದ ಸ್ವಾತಂತ್ರ್ಯದ ನಾಯಕರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ಈ ಕೆಲಸವನ್ನು ತಾವೇ ಕೂತು ಮಾಡಿದವರು. ಅವರ ತಂದೆ ಜೋಸಾಯ ನಾರ್ಥಾಂಪ್ಟನ್‌ಶೈರಿನ ಎಕ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಬಟ್ಟೆಗೆ ಬಣ್ಣ ಹಾಕುವ ಕಸುಬು ಕಲಿತು, ಬಾಸ್ಟನ್ನಿಗೆ ವಲಸೆ ಹೋಗಿದ್ದರು. 1758ರಲ್ಲಿ ಫ್ರಾಂಕ್ಲಿನ್ ಮಗ ವಿಲಿಯಮ್‌ನನ್ನು ಕರೆದುಕೊಂಡು ಆ ಹಳ್ಳಿಗೆ ಹೋದರು. ಅಲ್ಲಿನ ರಿಜಿಸ್ಟರ್ ಓದಿದಾಗ, ಐದು ತಲೆಮಾರಿನಿಂದ ಕಿರಿಯ ಮಗನ ಕಿರಿಯ ಮಗನಾಗಿ ಬಂದವನು ತಾನು ಎಂಬುದು ಅವರಿಗೆ ತಿಳಿಯಿತು. ಪಾದ್ರಿಯ ಹೆಂಡತಿ ಅವರನ್ನು ಚರ್ಚಿನ ಸಮಾಧಿಗಳ ಕಡೆ ಕರೆದೊಯ್ದರು. ಫ್ರಾಂಕ್ಲಿನ್ ಮನೆತನದ ಕಲ್ಲುಗಳ ಮೇಲೆ ಪಾಚಿ ಕಟ್ಟಿ ಅಕ್ಷರವೇ ಕಾಣುತ್ತಿರಲಿಲ್ಲ. ಆಕೆ ಗಟ್ಟಿ ಬ್ರಷ್ಷು, ಒಂದು ಬೋಗುಣಿ ನೀರು ತರಿಸಿದರು. ಫ್ರಾಂಕ್ಲಿನ್ ಜೊತೆಗೆ ಬಂದಿದ್ದ ಪೀಟರ್ ಕಲ್ಲುಗಳನ್ನು ಉಜ್ಜಿ ತೊಳೆದರು, ವಿಲಿಯಮ್ ಅಕ್ಷರಗಳನ್ನು ಬರೆದುಕೊಂಡರು. ಇದೆಲ್ಲ ಫ್ರಾಂಕ್ಲಿನ್ ಮನೆಗೆ, ಹೆಂಡತಿ ಡೆಬೊರಾಗೆ ಬರೆದ ಪತ್ರದಲ್ಲಿದೆ.

ಫ್ರಾಂಕ್ಲಿನ್‌ಗೆ ಒಂದು ಅನುಕೂಲವಿತ್ತು. ಊರಿನ ಹೆಸರು ಅವರಿಗೆ ಮೊದಲೇ ಗೊತ್ತಿತ್ತು. ಹೆಚ್ಚಿನವರಿಗೆ ಇಲ್ಲದಿರುವುದು ಅದೇ.

ಸಮುದ್ರದ ಮೇಲಿನ ಕೊಂಡಿ

ವಂಶಾವಳಿಯನ್ನು ಯಾವಾಗಲೂ ಈಚೆಯಿಂದ ಆಚೆಗೆ ಕಟ್ಟಬೇಕು. ತನ್ನಿಂದ ತಂದೆತಾಯಿಗೆ, ಅಲ್ಲಿಂದ ಅಜ್ಜ ಅಜ್ಜಿಗೆ, ಮುತ್ತಜ್ಜನಿಗೆ. ಪ್ರತಿ ಹೆಜ್ಜೆಗೂ ‘ಇವನು ಇವನ ಮಗ’ ಎಂದು ತೋರಿಸುವ ಕಾಗದ ಬೇಕು. ಅಮೆರಿಕದ ನೆಲದಲ್ಲಿ ಇದಕ್ಕೆ ಜನಗಣತಿ, ಜಮೀನಿನ ಕ್ರಯಪತ್ರ, ಉಯಿಲು, ಚರ್ಚಿನ ಪುಸ್ತಕಗಳಿವೆ. 1790ರಲ್ಲಿ ಶುರುವಾದ ಜನಗಣತಿಯಲ್ಲಿ 1850ರವರೆಗೆ ಮನೆ ಯಜಮಾನರ ಹೆಸರಷ್ಟೇ ಇರುತ್ತಿತ್ತು. ಅದಕ್ಕೂ ಹಿಂದೆ ಹೋದಷ್ಟೂ ಉಯಿಲು ಮತ್ತು ಜಮೀನಿನ ಕಾಗದಗಳೇ ಗತಿ. ವರ್ಜೀನಿಯಾದಲ್ಲಿ ಅವೂ ಎಷ್ಟೋ ಕಡೆ ಇಲ್ಲ. ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ ಸುರಕ್ಷಿತವಾಗಿರಲಿ ಎಂದು ಹಲವು ಕೌಂಟಿಗಳ (ಜಿಲ್ಲೆಗಳ) ದಾಖಲೆಗಳನ್ನು ರಿಚ್‌ಮಂಡ್ ನಗರಕ್ಕೆ ಸಾಗಿಸಿದ್ದರು. 1865ರ ಏಪ್ರಿಲಿನಲ್ಲಿ ನಗರಕ್ಕೆ ಬೆಂಕಿ ಬಿದ್ದಾಗ ಅವೆಲ್ಲ ಸುಟ್ಟುಹೋದವು.

ಹೀಗೆ ಹಿಂದಕ್ಕೆ ಹೋಗುತ್ತಾ ಕೊನೆಗೆ ಹಡಗಿನಿಂದ ಇಳಿದ ಮೊದಲ ಮನುಷ್ಯನ ಹತ್ತಿರ ಬಂದು ನಿಲ್ಲುತ್ತೇವೆ. ಅವನ ಹೆಸರು ಜಾನ್ ಸ್ಮಿತ್ ಎನ್ನೋಣ. ಇಂಗ್ಲೆಂಡಿನಲ್ಲಿ ಆಗ ಸುಮಾರು ಹತ್ತು ಸಾವಿರ ಪ್ಯಾರಿಷ್‌ಗಳು. ಯಾವುದರ ಪುಸ್ತಕ ತೆರೆಯುವುದು? ಹಡಗಿನ ಪಟ್ಟಿ ನೋಡಿದರಾಯಿತು ಎಂದುಕೊಳ್ಳುತ್ತೇವೆ. ಆದರೆ ಪ್ರಯಾಣಿಕರ ಪಟ್ಟಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ಅಮೆರಿಕ ಸರ್ಕಾರ ನಿಯಮ ತಂದದ್ದೇ 1820ರ ಹೊತ್ತಿಗೆ. ಅದಕ್ಕೂ ಹಿಂದಿನವು ಅಲ್ಲೊಂದು ಇಲ್ಲೊಂದು ಉಳಿದಿವೆ. 1635ರಲ್ಲಿ ಲಂಡನ್ ಬಂದರಿನಿಂದ ಹೊರಟವರ ಪಟ್ಟಿ ಅವುಗಳಲ್ಲಿ ಹೆಸರುವಾಸಿ. ದೊರೆಗೆ ನಿಷ್ಠರಾಗಿರುತ್ತೇವೆ ಎಂದು ಆಣೆ ಮಾಡಿ ಹೊರಡಬೇಕಾಗಿದ್ದರಿಂದ ಹೆಸರು, ವಯಸ್ಸು ಬರೆದುಕೊಂಡಿದ್ದರು. ಅದರಲ್ಲೂ ಊರಿನ ಹೆಸರು ಬರೆದಿರುವುದು ಅಪರೂಪ.

ಆದ್ದರಿಂದ ಬಲ್ಲವರು ಒಬ್ಬನನ್ನೇ ಹುಡುಕುವುದಿಲ್ಲ. ಅವನ ಪಕ್ಕದ ಮನೆಯವರು, ಅವನ ಉಯಿಲಿಗೆ ಸಾಕ್ಷಿ ಹಾಕಿದವರು, ಅವನ ಚರ್ಚಿನವರು ಎಲ್ಲಿಂದ ಬಂದರು ಎಂದು ನೋಡುತ್ತಾರೆ. ಜನ ಗುಂಪಾಗಿ ಬಂದು, ಬಿಟ್ಟು ಬಂದ ಊರಿನ ಹೆಸರನ್ನೇ ಹೊಸ ಊರಿಗೂ ಇಡುತ್ತಿದ್ದರು. ಮ್ಯಾಸಚೂಸೆಟ್ಸಿನ ಹಿಂಗಮ್‌ಗೆ ಆ ಹೆಸರು ಬಂದದ್ದು ಇಂಗ್ಲೆಂಡಿನ ನಾರ್ಫೋಕಿನ ಹಿಂಗಮ್‌ನಿಂದ. 1637ರಲ್ಲಿ ಬಂದು ಅಲ್ಲಿ ನೆಲೆಸಿದ ನೇಕಾರ ಸ್ಯಾಮ್ಯುಯೆಲ್ ಲಿಂಕನ್ ಅಧ್ಯಕ್ಷ ಏಬ್ರಹಾಂ ಲಿಂಕನ್ನರ ಪೂರ್ವಜ. ಇದು ಸ್ವತಃ ಅಧ್ಯಕ್ಷರಿಗೆ ಖಚಿತವಾಗಿ ಗೊತ್ತಿರಲಿಲ್ಲ. ನ್ಯೂ ಇಂಗ್ಲೆಂಡಿನ ಲಿಂಕನ್ನರಲ್ಲೂ ತಮ್ಮ ಮನೆಯಲ್ಲೂ ಮಾರ್ಡೆಕಾಯ್, ಏಬ್ರಹಾಂ ಮುಂತಾದ ಒಂದೇ ಬಗೆಯ ಹೆಸರುಗಳಿವೆ, ಅದಕ್ಕಿಂತ ಹೆಚ್ಚಿನದೇನೂ ಸಿಗಲಿಲ್ಲ ಎಂದು ಅವರು 1859ರಲ್ಲಿ ಬರೆದಿದ್ದರು. ಹೆಸರು ಹೋಲುತ್ತದೆ ಎಂಬುದೊಂದನ್ನೇ ನಂಬಿ ನಂಟು ಕಟ್ಟದ ಅವರ ಎಚ್ಚರ ಮೆಚ್ಚಬೇಕಾದದ್ದು.

ವಾಷಿಂಗ್ಟನ್ ಮನೆತನ: ತಪ್ಪಿದ್ದು ಎಲ್ಲಿ, ಸಿಕ್ಕಿದ್ದು ಹೇಗೆ

ಆ ಎಚ್ಚರ ಎಷ್ಟು ಅಗತ್ಯ ಎಂಬುದಕ್ಕೆ ವಾಷಿಂಗ್ಟನ್ ಮನೆತನದ ಹುಡುಕಾಟಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಜಾರ್ಜ್ ವಾಷಿಂಗ್ಟನ್ನರ ಮುತ್ತಜ್ಜ ಜಾನ್. 1656ರಲ್ಲಿ ‘ಸೀ ಹಾರ್ಸ್’ ಎಂಬ ವ್ಯಾಪಾರಿ ಹಡಗಿನ ಸಿಬ್ಬಂದಿಯಾಗಿ ಹೊರಟು ವರ್ಜೀನಿಯಾಕ್ಕೆ ಬಂದರು. ಹೊಗೆಸೊಪ್ಪು ತುಂಬಿಕೊಂಡು ವಾಪಸು ಹೊರಟ ಹಡಗು 1657ರಲ್ಲಿ ಪೊಟೊಮ್ಯಾಕ್ ನದಿಯಲ್ಲಿ ನೆಲ ಕಚ್ಚಿತು. ಜಾನ್ ಅಲ್ಲೇ ಉಳಿದರು, ಅಲ್ಲಿನ ಜಮೀನುದಾರರೊಬ್ಬರ ಮಗಳನ್ನು ಮದುವೆಯಾದರು. ತಮ್ಮ ಲಾರೆನ್ಸ್ ಕೂಡ ಆಮೇಲೆ ಬಂದು ಸೇರಿಕೊಂಡರು. ಇಷ್ಟು ವರ್ಜೀನಿಯಾದ ಕಾಗದಗಳಲ್ಲೇ ಇತ್ತು.

ಪತ್ರ ಬರೆದಿದ್ದ ಐಸಾಕ್ ಹರ್ಡ್ ಸಾಮಾನ್ಯರಲ್ಲ. ವಂಶಲಾಂಛನಗಳನ್ನು ಕೊಡುವ, ವಂಶಾವಳಿಗಳನ್ನು ಕಾಪಿಡುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ನ ಮುಖ್ಯಸ್ಥರು. ಅವರು ತಮ್ಮ ಕಡತಗಳಲ್ಲಿ ನಾರ್ಥಾಂಪ್ಟನ್‌ಶೈರಿನ ಸಲ್‌ಗ್ರೇವ್‌ನ ಒಂದು ವಾಷಿಂಗ್ಟನ್ ಮನೆತನವನ್ನು ಕಂಡರು. ಆ ಮನೆಯಲ್ಲಿ ಜಾನ್, ಲಾರೆನ್ಸ್ ಎಂಬ ಅಣ್ಣತಮ್ಮಂದಿರಿದ್ದರು. ವರ್ಜೀನಿಯಾಕ್ಕೆ ಹೋದವರೂ ಜಾನ್, ಲಾರೆನ್ಸ್. ಕಾಲವೂ ಸರಿಸುಮಾರು ಹೊಂದುತ್ತಿತ್ತು. ಇವರೇ ಅವರು ಎಂದು ಹರ್ಡ್ ತೀರ್ಮಾನಿಸಿದರು. ಅದನ್ನೇ ಎಲ್ಲರೂ ದಶಕಗಟ್ಟಲೆ ನಂಬಿದರು.

1866ರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ ಆ ಇಬ್ಬರ ಜೀವನವನ್ನು ಕೊನೆಯವರೆಗೂ ಹಿಂಬಾಲಿಸಿ ನೋಡಿದರು. ಆ ಜಾನ್ ನೈಟ್ ಪದವಿ ಪಡೆದು ಇಂಗ್ಲೆಂಡಿನಲ್ಲೇ ಬಾಳಿ ತೀರಿಕೊಂಡವರು. ಆ ಲಾರೆನ್ಸ್ ಎಸೆಕ್ಸಿನ ಪರ್ಲಿ ಎಂಬ ಊರಿನಲ್ಲಿ ಪಾದ್ರಿ. ಇಬ್ಬರೂ ಸಮುದ್ರ ದಾಟಿದವರಲ್ಲ. ಸ್ವತಃ ಕಾಲೇಜ್ ಆಫ್ ಆರ್ಮ್ಸ್‌ನ ಮುಖ್ಯಸ್ಥರು ಕಟ್ಟಿದ ಕೊಂಡಿ ಹೀಗೆ ಕಳಚಿಬಿತ್ತು. ‘ಇವನೇ ಅವನು’ ಎನ್ನುವ ಮೊದಲು ‘ಇವನು ಆಮೇಲೆ ಏನಾದ?’ ಎಂದು ಕೇಳಬೇಕು. ವಂಶಾವಳಿಯ ಕೆಲಸದಲ್ಲಿ ನನಗೆ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇನ್ನೊಂದು ಕಾಣುವುದಿಲ್ಲ.

ಸರಿಯಾದ ಕೊಂಡಿ ಸಿಕ್ಕಿದ್ದು ಉಯಿಲುಗಳಲ್ಲಿ. ಬಾಸ್ಟನ್ನಿನಲ್ಲಿ 1845ರಲ್ಲಿ ಹುಟ್ಟಿದ ನ್ಯೂ ಇಂಗ್ಲೆಂಡ್ ವಂಶಾವಳಿ ಸಂಘ, ಹೆನ್ರಿ ವಾಟರ್ಸ್ ಎಂಬುವರನ್ನು 1880ರ ದಶಕದಲ್ಲಿ ಇಂಗ್ಲೆಂಡಿಗೆ ಕಳಿಸಿತ್ತು. ಅವರು ಸಾವಿರಾರು ಹಳೆಯ ಉಯಿಲುಗಳನ್ನು ಓದಿ ಟಿಪ್ಪಣಿ ಮಾಡುತ್ತಾ ಹೋದರು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಜಾನ್ ಹಾರ್ವರ್ಡ್ ಲಂಡನ್ನಿನ ಸದರ್ಕ್‌ನಲ್ಲಿದ್ದ ಒಬ್ಬ ಕಟುಕರ ಮಗ ಎಂದು ತೋರಿಸಿಕೊಟ್ಟವರೂ ಅವರೇ. ಹರ್ಟ್‌ಫರ್ಡ್‌ಶೈರಿನ ಟ್ರಿಂಗ್ ಎಂಬ ಊರಿನ ಆಂಡ್ರ್ಯೂ ನೋಲಿಂಗ್ ಎಂಬುವರು ಬರೆದಿಟ್ಟಿದ್ದ ಉಯಿಲೊಂದು ಅವರಿಗೆ ಸಿಕ್ಕಿತು. ಅದರಲ್ಲಿ ನೋಲಿಂಗ್ ತಮ್ಮ ಮಲಮಗಳಾದ ಆಂಫಿಲಿಸ್ ವಾಷಿಂಗ್ಟನ್ನರ ಮಕ್ಕಳಿಗೆ ಆಸ್ತಿ ಬಿಟ್ಟಿದ್ದರು. ಮಕ್ಕಳ ಹೆಸರು ಜಾನ್, ಲಾರೆನ್ಸ್, ವಿಲಿಯಮ್, ಎಲಿಜಬೆತ್, ಮಾರ್ಗರೆಟ್, ಮಾರ್ತಾ. ಸಮುದ್ರದಾಚೆ ವರ್ಜೀನಿಯಾದಲ್ಲಿ ಜಾನ್ 1675ರಲ್ಲಿ ಬರೆದ ಉಯಿಲಿನಲ್ಲಿ ಸೋದರಿ ಮಾರ್ತಾಗೆ ಹಣ ಕೊಡಬೇಕೆಂಬ ಮಾತಿತ್ತು. ಜಾನ್ ಎಂಬ ಹೆಸರು ಸಾವಿರ ಮನೆಗಳಲ್ಲಿ ಸಿಗುತ್ತದೆ. ಆದರೆ ಜಾನ್, ಲಾರೆನ್ಸ್, ಮಾರ್ತಾ ವಾಷಿಂಗ್ಟನ್ ಒಡಹುಟ್ಟಿದವರಾಗಿ, ಅದೇ ಕಾಲದಲ್ಲಿ, ಇಂಗ್ಲೆಂಡಿನಲ್ಲಿ ಆಸ್ತಿಯ ಹಕ್ಕಿರುವವರಾಗಿ ಎರಡು ಕಡೆ ಸಿಗುವುದು ಕಷ್ಟ.

ಆಂಫಿಲಿಸ್ ಅವರ ಗಂಡ ಯಾರು? ಹರ್ಡ್ ತಪ್ಪಾಗಿ ಅಮೆರಿಕಕ್ಕೆ ಕಳಿಸಿದ್ದ ಅದೇ ಪಾದ್ರಿ ಲಾರೆನ್ಸ್! ವಲಸೆ ಹೋದವರು ಆ ಅಣ್ಣತಮ್ಮಂದಿರಲ್ಲ, ಅವರಲ್ಲಿ ಒಬ್ಬರ ಮಕ್ಕಳು. ವಾಟರ್ಸ್ ಇದನ್ನು 1889ರಲ್ಲಿ ಪ್ರಕಟಿಸಿದರು. ಪಾದ್ರಿ ಲಾರೆನ್ಸ್ ದೊರೆಯ ಪಕ್ಷದವರೆಂದು 1643ರಲ್ಲಿ ಪಾರ್ಲಿಮೆಂಟಿನ ಕಡೆಯವರು ಅವರನ್ನು ಪರ್ಲಿಯ ಚರ್ಚಿನಿಂದ ಹೊರಹಾಕಿದ್ದರು. ಜಾನ್ ಊರು ಬಿಟ್ಟು ಹಡಗು ಹತ್ತುವ ಹೊತ್ತಿಗೆ ತಂದೆ ತೀರಿಕೊಂಡಿದ್ದರು.

ಮನೆಯ ದೊಡ್ಡವರು ಹೇಳಿದ್ದ ಉತ್ತರ ಸೀಮೆಯ ಮಾತೂ ಪೂರ್ತಿ ಸುಳ್ಳಲ್ಲ. ಸಲ್‌ಗ್ರೇವ್‌ನ ಮನೆಯನ್ನು 1539ರಲ್ಲಿ ಕೊಂಡ ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ ಲ್ಯಾಂಕಶೈರಿನಿಂದ ಬಂದವರು. ನೂರು ವರ್ಷ ಹಿಂದಿನ ನೆನಪು ವಲಸೆ ಬಂದವರಿಗೇ ಅಂಟಿಕೊಂಡಿತ್ತು. ಮನೆಯಲ್ಲಿ ಹೇಳಿಕೊಂಡು ಬಂದ ಮಾತನ್ನು ಹಾಗೇ ನಂಬುವುದಕ್ಕೂ ಆಗದು, ತಳ್ಳಿಹಾಕುವುದಕ್ಕೂ ಆಗದು.

ತಾರೀಖು ಮತ್ತು ಕೈಬರಹ

ಹೊಸಬರನ್ನು ಹೆಚ್ಚು ಕಾಡುವುದು ತಾರೀಖು. ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1640ರ ಡಿಸೆಂಬರ್ ಆದ ಮೇಲೆ ಬಂದ ಫೆಬ್ರವರಿಯೂ 1640ರದ್ದೇ. ಇದನ್ನು ತಿಳಿಯದೆ ಓದಿದರೆ ಮದುವೆಗೆ ಮೊದಲೇ ಮಗು ಹುಟ್ಟಿದಂತೆ, ಸತ್ತ ಮೇಲೆ ಉಯಿಲು ಬರೆದಂತೆ ಕಾಣುತ್ತದೆ. ಗೊಂದಲ ಬೇಡವೆಂದು 1640/41 ಎಂದು ಎರಡೂ ವರ್ಷ ಬರೆಯುವ ರೂಢಿಯಿದೆ. 1752ರಲ್ಲಿ ಕ್ಯಾಲೆಂಡರ್ ಬದಲಾದಾಗ ಸೆಪ್ಟೆಂಬರ್ 2ರ ಮರುದಿನವೇ 14 ಆಯಿತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಅದು 1731ರ ಫೆಬ್ರವರಿ 11. ಈಗ ನಾವು ಓದುವುದು 1732ರ ಫೆಬ್ರವರಿ 22.

ಆ ಕಾಲದ ಕೈಬರಹ ಇಂದಿನ ಇಂಗ್ಲಿಷ್ ಬಲ್ಲವರಿಗೂ ಬೇರೆ ಲಿಪಿಯಂತೆ ಕಾಣುತ್ತದೆ. ಅದನ್ನು ಪ್ರತ್ಯೇಕವಾಗಿ ಕಲಿಯಬೇಕು. ಹೆಸರಿನ ಸ್ಪೆಲಿಂಗ್‌ಗೆ ಕಟ್ಟುಪಾಡೇ ಇರಲಿಲ್ಲ, ಪಾದ್ರಿಯ ಕಿವಿಗೆ ಕೇಳಿಸಿದಂತೆ ಬರೆದದ್ದು. ಕಂಪ್ಯೂಟರಿನಲ್ಲಿ ಇಂದಿನ ಸ್ಪೆಲಿಂಗ್ ಹಾಕಿ ಹುಡುಕಿ, ಸಿಗಲಿಲ್ಲ ಎಂದು ಕೈಬಿಡುವುದು ತೀರಾ ಸಾಮಾನ್ಯ.

ಕೊಂಡುಕೊಂಡ ವಂಶಾವಳಿಗಳು

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಣವಂತ ಅಮೆರಿಕನ್ನರಿಗೆ ಇಂಗ್ಲೆಂಡಿನ ದೊಡ್ಡ ಮನೆತನದ ನಂಟು ಬೇಕಾಗಿತ್ತು. ಸ್ವೀಡನ್ನಿನಿಂದ ಬಂದ ಗುಸ್ತಾವ್ ಆಂಜೂ ಎಂಬಾತ ಅಂಥವರಿಗೆ ಸುಳ್ಳು ವಂಶಾವಳಿಗಳನ್ನು ದುಬಾರಿ ಬೆಲೆಗೆ ಕಟ್ಟಿಕೊಟ್ಟ. ನಿಜವಾದ ದಾಖಲೆಗಳ ನಡುವೆ ಇಲ್ಲದ ಉಯಿಲು, ಇಲ್ಲದ ದೀಕ್ಷಾಸ್ನಾನಗಳನ್ನು ಸೇರಿಸುವುದು ಅವನ ವಿಧಾನ. ಆತ ಕಟ್ಟಿದ ಹೆಸರುಗಳು ಇಂದಿಗೂ ಆನ್‌ಲೈನ್ ವಂಶವೃಕ್ಷಗಳಲ್ಲಿ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಿವೆ. ಹತ್ತು ಜನರ ವೃಕ್ಷದಲ್ಲಿ ಒಂದೇ ಮಾತಿದ್ದರೆ ಹತ್ತು ಸಾಕ್ಷಿ ಆಗುವುದಿಲ್ಲ. ಆ ಹತ್ತೂ ಒಂದೇ ಮೂಲದಿಂದ ಬಂದಿರಬಹುದು.

ಮೂಲ ದಾಖಲೆ ನೋಡುವುದು ಈಗ ಮೊದಲಿನಷ್ಟು ಕಷ್ಟವೂ ಅಲ್ಲ. 1384ರಿಂದ 1858ರವರೆಗೆ ಕ್ಯಾಂಟರ್ಬರಿಯ ಚರ್ಚ್ ನ್ಯಾಯಾಲಯದಲ್ಲಿ ದಾಖಲಾದ ಉಯಿಲುಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಅವುಗಳ ಚಿತ್ರಗಳನ್ನು ಮನೆಯಲ್ಲೇ ಕೂತು ಓದಬಹುದು. ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಚರ್ಚು ತಾನು ಮೈಕ್ರೋಫಿಲ್ಮ್ ಮಾಡಿದ ದಾಖಲೆಗಳನ್ನು ಫ್ಯಾಮಿಲಿಸರ್ಚ್ ಎಂಬ ತಾಣದಲ್ಲಿ ಉಚಿತವಾಗಿ ಇಟ್ಟಿದೆ.

ಡಿಎನ್‌ಎ ಏನು ಹೇಳುತ್ತದೆ

ಜೊಲ್ಲು ಕೊಟ್ಟು ಮಾಡಿಸುವ ಪರೀಕ್ಷೆಗಳು ಬಹಳ ಜನಪ್ರಿಯ. ಆದರೆ ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿರುತ್ತವೆ. ಪ್ರತಿ ತಲೆಮಾರಿನಲ್ಲಿ ತಂದೆತಾಯಿಯಿಂದ ಅರ್ಧರ್ಧ ಮಾತ್ರ ಬರುವುದರಿಂದ, ಅಷ್ಟು ಹಿಂದಿನ ಎಷ್ಟೋ ಪೂರ್ವಜರ ಡಿಎನ್‌ಎ ನಮ್ಮ ಮೈಯಲ್ಲಿ ಒಂದು ಚೂರೂ ಉಳಿದಿರುವುದಿಲ್ಲ. ಗಂಡಸರಲ್ಲಿರುವ ವೈ ವರ್ಣತಂತು ಮಾತ್ರ ತಂದೆಯಿಂದ ಮಗನಿಗೆ ಹೆಚ್ಚು ಬದಲಾಗದೆ ಬರುತ್ತದೆ. ಇಂಗ್ಲಿಷರ ಮನೆಹೆಸರೂ ಅದೇ ದಾರಿಯಲ್ಲಿ ಬರುವುದರಿಂದ ಇದು ಉಪಯೋಗಕ್ಕೆ ಬರುತ್ತದೆ. ಹಾಗಿದ್ದರೂ ಅದು ತೋರಿಸುವುದು ಗಂಡು ಸಂತತಿಯ ಸಾಲನ್ನು, ನಿರ್ದಿಷ್ಟ ವ್ಯಕ್ತಿಯನ್ನಲ್ಲ. 1998ರಲ್ಲಿ ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್‌ಸನ್ ಅವರ ದೊಡ್ಡಪ್ಪನ ಸಾಲಿನ ಗಂಡಸರ ವೈ ವರ್ಣತಂತು, ಅವರ ತೋಟದಲ್ಲಿ ಗುಲಾಮರಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಗ ಎಸ್ಟನ್ನರ ವಂಶಸ್ಥರದ್ದಕ್ಕೆ ಹೊಂದಿತು. ಎಸ್ಟನ್ನರ ತಂದೆ ಒಬ್ಬ ಜೆಫರ್‌ಸನ್ ಎಂದು ಡಿಎನ್‌ಎ ಹೇಳಿತು. ಅದು ಥಾಮಸ್ ಜೆಫರ್‌ಸನ್ನೇ ಎಂದು ಬಹುಪಾಲು ಇತಿಹಾಸಕಾರರು ಒಪ್ಪಿದ್ದು, ಸ್ಯಾಲಿ ಗರ್ಭ ಧರಿಸಿದ ಹೊತ್ತಿನಲ್ಲಿ ಅವರು ಮನೆಯಲ್ಲಿದ್ದರೇ ಎಂಬ ಬರಹದ ದಾಖಲೆಗಳನ್ನು ಜೊತೆಗಿಟ್ಟು ನೋಡಿದ ಮೇಲೆ.

ಪುಸ್ತಕದಲ್ಲಿ ಹೆಸರಿಲ್ಲದವರು

ಎಕ್ಟನ್ನಿನಲ್ಲಿ ಫ್ರಾಂಕ್ಲಿನ್ ಮನೆತನದ ಸಮಾಧಿಗಲ್ಲುಗಳನ್ನು ತೊಳೆದ ಪೀಟರ್, ಫ್ರಾಂಕ್ಲಿನ್ನರ ಗುಲಾಮ. ತಲೆಮಾರುಗಳ ಲೆಕ್ಕವನ್ನು ಹಿಂದಕ್ಕೆ ಒಯ್ಯಲು ಅವರಿಗೆ ಯಾವ ಪ್ಯಾರಿಷ್‌ನ ಪುಸ್ತಕವೂ ಇರಲಿಲ್ಲ. ವಸಾಹತು ಕಾಲದ ಅಮೆರಿಕದ ವಂಶಾವಳಿ ಎಂದಾಗ ಇಂಗ್ಲೆಂಡಿನ ಕಡೆಗಷ್ಟೇ ನೋಡುವುದು ನನಗೆ ಅರ್ಧ ನೋಟ ಅನಿಸುತ್ತದೆ. ಅದೇ ಹೊಲಗಳಲ್ಲಿ, ಅದೇ ಮನೆಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದವರೂ ಅವರ ಮಕ್ಕಳೂ ಇದ್ದರು.

1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಮಾಲೀಕರ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟನ್ನು ಬರೆದು ಹೆಸರಿನ ಜಾಗವನ್ನು ಬಹುತೇಕ ಎಲ್ಲ ಕಡೆ ಬಿಟ್ಟಿದ್ದಾರೆ. ಇವರಲ್ಲಿ ಹೆಚ್ಚಿನವರು ಜನಗಣತಿಯಲ್ಲಿ ಹೆಸರಿನೊಂದಿಗೆ ಕಾಣಿಸಿಕೊಳ್ಳುವುದು 1870ರಲ್ಲಿ. ಅದಕ್ಕೂ ಹಿಂದೆ ಹೋಗಬೇಕಾದರೆ ಮಾಲೀಕರ ಮನೆತನವನ್ನು ಗುರುತಿಸಿ, ಅವರ ಉಯಿಲು, ಆಸ್ತಿ ಪಟ್ಟಿ, ಕ್ರಯಪತ್ರಗಳನ್ನು ಓದಬೇಕು. ಇಂಗ್ಲೆಂಡಿನಿಂದ ಬಂದ ಮನೆತನದವರು ತಮ್ಮ ಹಿರಿಯರಿಗಾಗಿ ಹುಡುಕುವ ಕಾಗದಗಳೇ ಇಲ್ಲಿಯೂ ಬೇಕಾಗುತ್ತವೆ. 1799ರಲ್ಲಿ ಜಾರ್ಜ್ ವಾಷಿಂಗ್ಟನ್ ಮೌಂಟ್ ವರ್ನನ್ ತೋಟದಲ್ಲಿದ್ದ ಗುಲಾಮರ ಪಟ್ಟಿ ಮಾಡಿದರು. ಆಗ ಅಲ್ಲಿದ್ದವರು 317 ಜನ. ಹೆಸರು, ಕೆಲಸ, ಗಂಡ ಅಥವಾ ಹೆಂಡತಿ ಯಾರು, ಮಕ್ಕಳು ಯಾರ ಮಕ್ಕಳು ಎಂಬ ವಿವರಗಳು ಅದರಲ್ಲಿವೆ. ಆ ಜನರ ವಂಶಸ್ಥರು ಇಂದು ತಮ್ಮ ಹಿರಿಯರ ಹುಡುಕಾಟಕ್ಕೆ ಬಳಸುವುದು ಅದೇ ಪಟ್ಟಿಯನ್ನು.